ಥಂಡಿ ಇದೆ ಅಂತಲೂ ಬರೆಯಿರಿ, ಬನ್ನಿ ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಎರಡು ಪುಟಗಳು ಒಂದಕ್ಕೊಂದು ಮಾತು ಬಿಟ್ಟಿವೆಯೇನೋ ಅಂತ ನನಗೆ ಅನುಮಾನ. ಒಳಪುಟದಲ್ಲಿ ಹವಾಮಾನದ ಪಟ್ಟಿ ಬರುತ್ತದಲ್ಲ, ಡಿಸೆಂಬರ್ ಬಂತೆಂದರೆ ಅದರಲ್ಲಿ ನಮ್ಮ ವಿಜಯಪುರಕ್ಕೆ ಕೆಳಗಿನಿಂದ ಮೊದಲನೆಯದೋ ಎರಡನೆಯದೋ ಜಾಗ ಖಾಯಂ. ಬೀದರದ ಜೊತೆ ನಮಗೆ ಯಾವಾಗಲೂ ಪೈಪೋಟಿ. ಅದೇ ಭಾನುವಾರದ ಪ್ರವಾಸದ ಪುಟ ತೆಗೆದರೆ, ಚಳಿಗಾಲದಲ್ಲಿ ವಿಜಯಪುರ ನೋಡಿ, ಬಿಸಿಲಿನ ಕಾಟ ಇರುವುದಿಲ್ಲ, ಹವೆ ಹಿತವಾಗಿರುತ್ತದೆ ಅಂತ ಬರೆದಿರುತ್ತೀರಿ. ಹಿತ! ಬೆಳಗಿನ ಜಾವ ಐದೂವರೆಗೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಇಳಿದವರನ್ನು ಕೇಳಬೇಕು ಆ ಹಿತ ಎಂಥದು ಅಂತ.

ನಮ್ಮ ಬೀಗರು ಓದಿದ್ದು ಪ್ರವಾಸದ ಪುಟ ಮಾತ್ರ. ಪಟ್ಟಿ ಓದಿರಲಿಲ್ಲ.

ಬೀಗರು ಮಂಗಳೂರಿನವರು. ಮಗಳು ಅಲ್ಲಿ ಕೆಲಸಕ್ಕೆ ಹೋದಳು, ಅಲ್ಲಿಯ ಹುಡುಗನನ್ನೇ ಮೆಚ್ಚಿದಳು, ನಾವೂ ಹೂಂ ಅಂದೆವು. ಮದುವೆಯಾಗಿ ಎರಡು ವರ್ಷವಾದರೂ ಬೀಗರು ನಮ್ಮೂರಿಗೆ ಬಂದಿರಲಿಲ್ಲ. ಈ ಸಲ ಸಂಕ್ರಮಣಕ್ಕೆ ಗಂಡ ಹೆಂಡತಿ ಇಬ್ಬರೇ ಎರಡು ದಿನಕ್ಕೆ ಹೊರಟರು. ನಮ್ಮ ಮನೆಯಲ್ಲೇ ಇಳಿದುಕೊಳ್ಳಿ ಅಂದರೆ ಬೇಡವೇ ಬೇಡ, ಲಾಡ್ಜ್ ಮಾಡಿದ್ದೇವೆ ಅಂದರು. ಬೀಗರ ಮನೆಯಲ್ಲಿ ಉಳಿಯುವುದೆಂದರೆ ಅವರಿಗೂ ಸಂಕೋಚ, ನಮಗೂ ಗಡಿಬಿಡಿ, ಅಲ್ವಾ? ಸರಿ ಅಂತ ಸುಮ್ಮನಾದೆ. ಥಂಡಿ ಬಗ್ಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ನಮಗೆ ಅದು ಹೇಳುವಂಥ ಸುದ್ದಿ ಅಂತಲೇ ಅನ್ನಿಸುವುದಿಲ್ಲ. ಬೇಸಿಗೆಯ ಬಿಸಿಲಿನ ಬಗ್ಗೆಯಾದರೆ ಯಾರು ಸಿಕ್ಕರೂ ಅರ್ಧ ತಾಸು ಮಾತಾಡುತ್ತೇವೆ.

ಬಸ್ಸಿನಿಂದ ಮೊದಲು ಬೀಗರು ಇಳಿದರು. ಅರ್ಧ ತೋಳಿನ ತೆಳು ಅಂಗಿ, ಕಾಲಿಗೆ ರಬ್ಬರ್ ಚಪ್ಪಲಿ. ಹಿಂದಿನಿಂದ ಬೀಗತಿಯವರು, ಸೆರಗನ್ನು ತಲೆ ಮೇಲಿಂದ ತಂದು ಮೂಗಿನವರೆಗೆ ಸುತ್ತಿಕೊಂಡು, ಬರೀ ಕಣ್ಣು ಕಾಣುವ ಹಾಗೆ. ಬಸ್ಸಿನ ಕಿಟಕಿಯ ಗಾಜು ರಾತ್ರಿಯಿಡೀ ತಾನೇ ಜಾರಿಕೊಂಡು ಗಾಳಿ ಬಿಡುತ್ತಿತ್ತಂತೆ. ಬೀಗರ ಮೊದಲ ಮಾತು ನಮಸ್ಕಾರ ಅಲ್ಲ. ‘ಎಂಥದು ಮಾರಾಯ್ರೆ ಇದು, ನೀವೆಲ್ಲ ಫ್ರಿಜ್ಜಿನ ಒಳಗೆ ಇರುವುದಾ?’ ಅಂದರು. ಹಲ್ಲು ಕಟಕಟ ಅನ್ನುತ್ತಿತ್ತು.

ಪುಣ್ಯಕ್ಕೆ ನನ್ನ ಹೆಂಡತಿ ಬುದ್ಧಿವಂತೆ. ನಾನು ಮನೆ ಬಿಡುವಾಗ ಆಟೋದಲ್ಲಿ ಒಂದು ಕೌದಿ ಹಾಕಿ ಕಳಿಸಿದ್ದಳು. ನಮ್ಮವ್ವನ ಕಾಲದ್ದು ಅದು. ಹಳೆಯ ಇಳಕಲ್ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕೂ ಅಂಚಿನಿಂದ ಒಳಗೊಳಗೆ ಸಾಲು ಸಾಲಾಗಿ ಹೊಲಿಗೆ ಹಾಕಿದ್ದು. ನಡುವೆ ಒಂದು ಕೆಂಪು ಸೆರಗಿನ ತುಂಡು, ಅದರ ಪಕ್ಕ ನನ್ನದೇ ಶಾಲೆ ಅಂಗಿಯ ನೀಲಿ ಬಟ್ಟೆ. ತೊಳೆದು ತೊಳೆದು ಮೆತ್ತಗಾಗಿ, ಕೈಗೆ ಹಸುವಿನ ಕಿವಿ ಮುಟ್ಟಿದ ಹಾಗಾಗುತ್ತದೆ. ಬೀಗತಿಯವರು ಅದನ್ನು ಹೊದ್ದವರು ಲಾಡ್ಜ್ ಬರುವವರೆಗೆ ಮಾತೇ ಆಡಲಿಲ್ಲ. ಇಳಿಯುವಾಗಲೂ ಬಿಡಲಿಲ್ಲ. ಮೆಟ್ಟಿಲ ಮೇಲೆ ಎಳೆದುಕೊಂಡೇ ಹೋದರು.

ಇಷ್ಟು ಥಂಡಿ ಯಾಕೆ ಅಂತ ಬೀಗರು ಎರಡು ದಿನದಲ್ಲಿ ಹತ್ತು ಸಲ ಕೇಳಿರಬೇಕು. ಅವರ ಊರಿನಲ್ಲಿ ಜನವರಿಯಲ್ಲೂ ರಾತ್ರಿ 20 ಡಿಗ್ರಿಯ ಆಸುಪಾಸು. ಸಮುದ್ರ ಪಕ್ಕದಲ್ಲೇ ಇದೆ, ಗಾಳಿಯಲ್ಲಿ ನೀರಿನ ಪಸೆ ಇದೆ, ಹಗಲಿನ ಕಾವನ್ನು ಅದು ರಾತ್ರಿಗೂ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಹಿಡಿಯುವವರು ಯಾರೂ ಇಲ್ಲ. ಸಮುದ್ರ ದೂರ, ಗಾಳಿ ಒಣ, ಆಕಾಶದಲ್ಲಿ ಮೋಡವೇ ಇಲ್ಲ. ಹೊತ್ತು ಮುಳುಗಿದ್ದೇ ತಡ, ನೆಲದ ಕಾವು ಸೀದಾ ಮೇಲಕ್ಕೆ ಹೋಗಿಬಿಡುತ್ತದೆ. ಹೀಗಾಗಿ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುವುದೂ ಉಂಟು, ಅದೇ ದಿನ ಮಧ್ಯಾಹ್ನ 30ರ ಹತ್ತಿರ ಹೋಗುವುದೂ ಉಂಟು. ಒಂದೇ ದಿನದಲ್ಲಿ ಎರಡು ಊರು ಇದ್ದ ಹಾಗೆ. ಪ್ರವಾಸದ ಪುಟದವರು ಬಹುಶಃ ಮಧ್ಯಾಹ್ನ ಬಂದು ಹೋಗಿರುತ್ತಾರೆ.

ಹಾಗಂತ ಥಂಡಿಯಲ್ಲಿ ಬರಬೇಡಿ ಅಂತ ಬರೆಯಿರಿ ಎನ್ನುತ್ತಿಲ್ಲ ನಾನು. ಉಲ್ಟಾ. ನಮ್ಮೂರನ್ನು ನೋಡುವುದಿದ್ದರೆ ಥಂಡಿಯಲ್ಲೇ ನೋಡಬೇಕು, ಅದರಲ್ಲೂ ಬೆಳಿಗ್ಗೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಕಲ್ಲುಗಳ ನಡುವೆ ನಿಂತರೆ ಒಲೆಯೊಳಗೆ ನಿಂತ ಹಾಗೆ. ಆದರೆ ಬರುವವರು ಬೆಚ್ಚಗೆ ಇರಬೇಕು. ಬೆಚ್ಚಗಿರುವುದಕ್ಕೆ ಏನು ಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ. ನನ್ನ ತಕರಾರು ಇಷ್ಟೇ.

ಈಗ ಬೀಗರ ಕಥೆಗೆ ಬರುತ್ತೇನೆ.

ಲಾಡ್ಜಿನ ಹೆಸರು ಬೇಡ. ರೂಮು ಚೆನ್ನಾಗಿತ್ತು, ಟೀವಿ ದೊಡ್ಡದಿತ್ತು, ಗೋಡೆ ಮೇಲೆ ಗೋಳಗುಮ್ಮಟದ ಫೋಟೋ ಇತ್ತು. ಬಿಸಿನೀರು ಮಾತ್ರ ಏಳೂವರೆ ಮೇಲೆ. ರಾತ್ರಿ ಬಸ್ಸಿನವರು ಐದಕ್ಕೆ ಆರಕ್ಕೆ ಬರುತ್ತಾರೆ ಅಂತ ಗೊತ್ತಿದ್ದೂ ಏಳೂವರೆ ಮೇಲೆ. ಹೊದೆಯಲು ಕೊಟ್ಟಿದ್ದು ಒಂದು ತೆಳು ಚಾದರ, ಮೇಲೆ ಹಿಡಿದರೆ ಆಚೆ ಕಡೆಯ ಟ್ಯೂಬ್‌ಲೈಟ್ ಕಾಣುತ್ತಿತ್ತು. ಇನ್ನೊಂದು ಕೇಳಿದರೆ ಸೀಸನ್ ಇದೆ ಸಾರ್, ಖಾಲಿ ಇಲ್ಲ ಅಂದರು. ನೋಡಿ, ಸೀಸನ್ ಅಂತ ಗೊತ್ತಿದೆ, ಅದು ಥಂಡಿಯ ಸೀಸನ್ ಅಂತ ಗೊತ್ತಿಲ್ಲ.

ಆವತ್ತು ರಾತ್ರಿ ನಡೆದದ್ದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಬೀಗರು ಕೆಳಗೆ ಹೋಗಿ ಭಾಳ ಚಳಿ ಅಂತ ಗೋಳಾಡಿದ್ದಾರೆ. ಅಲ್ಲಿಯ ಹುಡುಗ ಪಾಪ ಒಳ್ಳೆಯವನು. ‘ಸಿಗಡಿ ತರ್ಲೇನ್ರೀ ಸಾಹೇಬ್ರ?’ ಅಂದಿದ್ದಾನೆ. ಬೀಗರಿಗೆ ಖುಷಿಯೋ ಖುಷಿ. ಕರಾವಳಿಯವರಿಗೆ ಸಿಗಡಿ ಅಂದರೆ ಮೀನು ಮಾರ್ಕೆಟ್ಟಿನ ಸಿಗಡಿ. ಈ ಬಯಲುಸೀಮೆಯಲ್ಲಿ, ಇಷ್ಟು ಹೊತ್ತಿನಲ್ಲಿ, ಅದೂ ಬಿಸಿ ಬಿಸಿ ಸಿಗಡಿ! ತಾ ಮಾರಾಯ ಅಂದಿದ್ದಾರೆ. ಹತ್ತು ನಿಮಿಷಕ್ಕೆ ಅವನು ಕಬ್ಬಿಣದ ಒಲೆಯಲ್ಲಿ ನಿಗಿನಿಗಿ ಕೆಂಡ ತುಂಬಿಸಿಕೊಂಡು ರೂಮಿನ ಬಾಗಿಲಲ್ಲಿ ನಿಂತ.

ನಗು ಬರುತ್ತದೆ. ಆದರೆ ಆ ಹೊತ್ತಿಗೆ ನಾನು ಫೋನು ಮಾಡದೇ ಇದ್ದಿದ್ದರೆ ಏನಾಗುತ್ತಿತ್ತೋ. ಬಾಗಿಲು ಕಿಟಕಿ ಮುಚ್ಚಿ, ಸಂದಿಗೆ ಟವೆಲ್ ತುರುಕಿ, ಕೆಂಡ ಮಂಚದ ಪಕ್ಕ ಇಟ್ಟುಕೊಂಡು ಮಲಗುವ ತಯಾರಿಯಲ್ಲಿದ್ದರು ಅವರು. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂತುಬಿಡುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ, ಏಳುವುದೇ ಇಲ್ಲ. ಪ್ರತಿ ಚಳಿಗಾಲ ಎಲ್ಲೋ ಒಂದು ಕಡೆ ಹೀಗಾದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಓದುತ್ತೇನೆ. ಬೆಂಕಿ ಕಾಯಿಸಿಕೊಳ್ಳುವುದಾದರೆ ಅಂಗಳದಲ್ಲಿ, ಬಯಲಲ್ಲಿ. ಮುಚ್ಚಿದ ರೂಮಿನಲ್ಲಿ ಕೆಂಡ ಕೂಡದು, ಕೂಡದು ಅಂದರೆ ಕೂಡದು. ನಾನು ಫೋನಿನಲ್ಲೇ ಕೂಗಾಡಿ, ಕಿಟಕಿ ತೆಗೆಸಿ, ಆ ಹುಡುಗನಿಗೂ ತಿಳಿಸಿ ಹೇಳಿ, ಹತ್ತು ಗಂಟೆ ರಾತ್ರಿಯಲ್ಲಿ ಹೋಗಿ ಇಬ್ಬರನ್ನೂ ಮನೆಗೆ ಕರೆದುಕೊಂಡು ಬಂದೆ. ಸಂಕೋಚ ಎಲ್ಲ ಅಲ್ಲಿಗೆ ಮುಗಿಯಿತು. ನನ್ನ ಹೆಂಡತಿ ಬಾಗಿಲಲ್ಲೇ, ‘ಅಕ್ಕಾರ, ಮೊದಲ ಒಳಗ ಬರ್ರಿ, ಮಾತು ಆಮ್ಯಾಲೆ’ ಅಂತ ಕೈ ಹಿಡಿದು ಎಳೆದುಕೊಂಡಳು.

ಬೀಗರು ಸಣ್ಣ ದನಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಚಳಿಗೆ ಒಂದು ಪೆಗ್ ಆದೀತಾ ಅಂತಲೂ ಕೇಳಿದರು. ಅದೂ ಸುಳ್ಳು ಬಿಸಿ. ಕುಡಿದಾಗ ಚರ್ಮದ ಹತ್ತಿರದ ರಕ್ತನಾಳ ಅಗಲವಾಗಿ ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಒಳಗಿನ ಕಾವು ಮಾತ್ರ ಹೊರಗೆ ಹೋಗಿಬಿಡುತ್ತದೆ. ಶುಂಠಿ ಹಾಕಿದ ಚಹಾ ಕೊಟ್ಟೆ. ಮುಖ ಸಣ್ಣದಾಯಿತು, ಆದರೆ ಕುಡಿದರು.

ಮರುದಿನ ಬೆಳಿಗ್ಗೆ ಗೋಳಗುಮ್ಮಟ. ಹೊರಡುವ ಮುಂಚೆ ನಾನೇ ನಿಂತು ಇಬ್ಬರಿಗೂ ಬಟ್ಟೆ ಹಾಕಿಸಿದೆ, ಶಾಲೆ ಮಕ್ಕಳಿಗೆ ಹಾಕಿಸಿದ ಹಾಗೆ. ಒಂದೇ ದಪ್ಪ ಜಾಕೆಟ್ಟಿಗಿಂತ ತೆಳುವಾದ ಮೂರು ಬಟ್ಟೆ ಮೇಲು. ಬಟ್ಟೆಗೂ ಬಟ್ಟೆಗೂ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗೆ ಇಡುವುದು. ಕೌದಿಯ ಗುಟ್ಟೂ ಅದೇ ತಾನೆ? ಒಳಗೆ ಬನಿಯನ್, ಮೇಲೆ ತುಂಬು ತೋಳಿನ ಅಂಗಿ, ಅದರ ಮೇಲೆ ನನ್ನ ಸ್ವೆಟರ್. ಸ್ವೆಟರ್ ಇಲ್ಲದವರು ಊರಿನಲ್ಲೇ ಕೊಳ್ಳಬಹುದು. ಥಂಡಿ ದಿನಗಳಲ್ಲಿ ನಮ್ಮ ಕಡೆಯ ಊರುಗಳಲ್ಲಿ ಟಿಬೆಟಿಯನ್ನರು ಸಾಲಾಗಿ ಸ್ವೆಟರ್ ಅಂಗಡಿ ಹಾಕುತ್ತಾರೆ, ಚೌಕಾಸಿಗೂ ಬಗ್ಗುತ್ತಾರೆ. ತಲೆಗೆ ಮಂಕಿ ಕ್ಯಾಪು. ಬೀಗರು ಅದು ಬೇಡ, ಫೋಟೋದಲ್ಲಿ ಕಳ್ಳನ ಹಾಗೆ ಕಾಣುತ್ತೇನೆ ಅಂದರು. ಫೋಟೋ ತೆಗೆಯುವಾಗ ತೆಗೆಯಿರಿ ಅಂದೆ.

ಇನ್ನು ಸಾಕ್ಸು. ಇದನ್ನು ಯಾವ ಪ್ರವಾಸದ ಪುಟದಲ್ಲೂ ನಾನು ಓದಿಲ್ಲ. ಗೋಳಗುಮ್ಮಟದ ಒಳಗೆ ಹೋಗಲು ಚಪ್ಪಲಿ ಬೂಟು ಹೊರಗೆ ಬಿಡಬೇಕು. ಇಬ್ರಾಹಿಂ ರೋಜಾದಲ್ಲೂ ಹಾಗೆಯೇ, ಜಾಮಿಯಾ ಮಸೀದಿಯಲ್ಲೂ ಹಾಗೆಯೇ. ಮೂರೂ ಕಡೆ ಕಲ್ಲಿನ ನೆಲ. ರಾತ್ರಿಯಿಡೀ ಥಂಡಿ ಕುಡಿದ ಕಲ್ಲು ಬೆಳಿಗ್ಗೆ ಏಳು ಗಂಟೆಗೆ ಹೇಗಿರುತ್ತದೆ ಅಂತ ಬರಿಗಾಲಲ್ಲಿ ಇಟ್ಟವರಿಗೇ ಗೊತ್ತು. ಮೈಗೆ ಎಷ್ಟು ಸ್ವೆಟರ್ ಹಾಕಿದರೂ ಅಂಗಾಲಿನಿಂದ ಥಂಡಿ ಮೇಲೇರುತ್ತದೆ. ಒಂದರ ಮೇಲೊಂದು ಎರಡು ಜೊತೆ ಸಾಕ್ಸು ಹಾಕಿಕೊಂಡು ಬನ್ನಿ, ಅದೂ ದಪ್ಪನೆಯವು. ಹೆಬ್ಬೆರಳಿನ ಹತ್ತಿರ ತೂತಾದವು ಬೇಡ. ನನ್ನವೇ ಕೊಟ್ಟಿದ್ದೆ, ಆ ತೂತು ಬೀಗರ ಮುಂದೆ ನನ್ನ ಮಾನ ಕಳೆಯಿತು.

ಗುಮ್ಮಟ ಹತ್ತುವುದು ಮೂಲೆಯ ಗೋಪುರದ ಒಳಗಿನಿಂದ. ಏಳು ಅಂತಸ್ತು. ಮೆಟ್ಟಿಲು ಇಕ್ಕಟ್ಟು, ಎತ್ತರ. ಮೂರನೇ ಅಂತಸ್ತಿಗೆ ಬರುವಷ್ಟರಲ್ಲಿ ಮೈ ಬಿಸಿಯಾಗಿ ಬೀಗರು ಕ್ಯಾಪು ತೆಗೆದರು, ಐದನೆಯದಕ್ಕೆ ಸ್ವೆಟರ್ ತೆಗೆದರು, ಬೇಡ ಬೇಡ ಅಂದರೂ ಕೇಳಲಿಲ್ಲ. ಎಲ್ಲರೂ ಮಾಡುವ ತಪ್ಪು ಇದು. ಮೇಲೆ ಹೋದ ಕೂಡಲೇ ಮೊದಲು ಸಿಗುವುದು ತೆರೆದ ಮಾಳಿಗೆ. ಅಲ್ಲಿ ಗಾಳಿ ನಾಲ್ಕೂ ಕಡೆಯಿಂದ ಬೀಸುತ್ತದೆ. ಬೆವರಿನಲ್ಲಿ ನೆನೆದ ಹತ್ತಿ ಬನಿಯನ್ ಎರಡೇ ನಿಮಿಷದಲ್ಲಿ ಬೆನ್ನಿಗೆ ಐಸ್ ಇಟ್ಟ ಹಾಗೆ ಆಗುತ್ತದೆ. ತೆಗೆಯುವುದಿದ್ದರೆ ಹತ್ತಲು ಶುರು ಮಾಡುವ ಮುಂಚೆಯೇ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಮೇಲೆ ಬಾಗಿಲು ದಾಟುವ ಮುಂಚೆ ಹಾಕಿಕೊಳ್ಳಬೇಕು. ಚೀಲದಲ್ಲಿ ಇನ್ನೊಂದು ಒಣ ಬನಿಯನ್ ಇದ್ದರೆ ಇನ್ನೂ ಒಳ್ಳೆಯದು.

ಆದರೂ ಆ ಮಾಳಿಗೆಯಿಂದ ಬೆಳಗಿನ ಊರು! ಮನೆಗಳ ಮೇಲೆಲ್ಲ ತೆಳುವಾಗಿ ಒಲೆಯ ಹೊಗೆ, ಆಚೆ ಗಿಡಗಳ ನಡುವೆ ಮಿನಾರುಗಳ ತುದಿ, ಬಿಸಿಲು ಇನ್ನೂ ಹಳದಿ. ಬೀಗತಿಯವರು ಕೌದಿ ಹೊದ್ದೇ ಮೇಲೆ ಬಂದಿದ್ದರು, ಹೌದು, ಅದೇ ಕೌದಿ. ಕಟ್ಟೆಗೆ ಒರಗಿ ಸುಮ್ಮನೆ ನಿಂತುಬಿಟ್ಟರು.

ಅಲ್ಲಿಂದ ಬಗ್ಗಿ ಒಳಗೆ ಹೋದರೆ ಪಿಸುಮಾತಿನ ಗ್ಯಾಲರಿ. ಮೊಹಮ್ಮದ್ ಆದಿಲ್‌ಶಾಹನ ಗೋರಿ ಕೆಳಗೆ, ನಾವು ಅದರ ಮೇಲಿನ ಗುಮ್ಮಟದ ಸುತ್ತ. 1656ರಲ್ಲಿ ಆತ ತೀರಿಕೊಂಡ. ಗುಮ್ಮಟದ ಹೊರ ಅಳತೆ ಸುಮಾರು 44 ಮೀಟರ್, ಒಳಗೆ ಸುಮಾರು 38 ಮೀಟರ್, ನಡುವೆ ಒಂದೇ ಒಂದು ಕಂಬ ಇಲ್ಲ. ಈ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆ ಗೋಡೆಗೆ ಕಿವಿ ಇಟ್ಟವರಿಗೆ ಕೇಳುತ್ತದೆ, ಚಪ್ಪಾಳೆ ಹೊಡೆದರೆ ಏಳು ಸಲ ತಿರುಗಿ ಬರುತ್ತದೆ. ಹತ್ತು ಗಂಟೆ ಮೇಲೆ ಹೋದರೆ ಇದೇನೂ ಗೊತ್ತಾಗುವುದಿಲ್ಲ. ಶಾಲೆ ಟ್ರಿಪ್ಪಿನ ಮಕ್ಕಳು ಒಬ್ಬರ ಹಿಂದೊಬ್ಬರು ಕೂಗಿ, ಎಲ್ಲ ಕೂಗು ಕಲಸಿ ಅಂಬಲಿಯಾಗಿರುತ್ತದೆ. ನಾವು ಹೋದಾಗ ಒಳಗೆ ಏಳೆಂಟು ಜನ ಅಷ್ಟೇ. ಬೀಗತಿಯವರನ್ನು ಆಚೆ ಬದಿಗೆ ಕಳಿಸಿ, ಬೀಗರು ಈಚೆಯಿಂದ ಗೋಡೆಗೆ ಬಾಯಿ ಇಟ್ಟು ಏನೋ ಹೇಳಲು ಹೊರಟರು. ತುಳುವಿನಲ್ಲಿ ಅಂತ ಕಾಣುತ್ತದೆ, ಮುಖದಲ್ಲಿ ಮದುವೆಯ ಹೊಸದರ ನಗು. ಮಾತು ಬರುವ ಮುಂಚೆ ಸೀನು ಬಂತು.

ಒಂದು ಸೀನು, ಏಳು ಸಲ. ಕೊನೆಯದು ಮುಗಿಯುವ ಹೊತ್ತಿಗೆ ಎರಡನೆಯ ಸೀನು. ಕೆಳಗೆ ಗೋರಿಯ ಹತ್ತಿರ ನಿಂತಿದ್ದ ಕಾವಲುಗಾರ ತಲೆ ಎತ್ತಿ ನೋಡಿದ. ಆಚೆ ಬದಿಯಿಂದ ಬೀಗತಿಯವರ ಪಿಸುಮಾತು ನನಗೂ ಸ್ಪಷ್ಟವಾಗಿ ಕೇಳಿತು, ‘ಸ್ವೆಟರ್ ಹಾಕಿ ಅಂತ ಅವರು ಹೇಳಿದ್ದಲ್ಲವಾ?’

ಆಮೇಲೆ ಬಿಸಿಲು ಹುಡುಕಿಕೊಂಡು ತಿರುಗುವುದು. ನನ್ನ ಲೆಕ್ಕದಲ್ಲಿ ಥಂಡಿ ದಿನ ನಮ್ಮೂರು ನೋಡುವ ಕ್ರಮವೇ ಬೇರೆ. ಗೈಡುಗಳು ಹೇಳುವ ಹಾಗೆ ದಾರಿ ಹತ್ತಿರ ಯಾವುದು ಅಂತ ನೋಡಬಾರದು, ಬಿಸಿಲು ಯಾವಾಗ ಎಲ್ಲಿ ಅಂತ ನೋಡಬೇಕು. ಒಂಬತ್ತಕ್ಕೆ ಬಾರಾ ಕಮಾನ್. ಎರಡನೇ ಅಲಿ ಆದಿಲ್‌ಶಾಹನ ಗೋರಿ ಅದು, 1672ರಲ್ಲಿ ಅರ್ಧಕ್ಕೇ ನಿಂತುಹೋಯಿತು. ಮೇಲೆ ಮಾಳಿಗೆ ಇಲ್ಲ, ಬರೀ ಕರಿ ಕಲ್ಲಿನ ಕಮಾನುಗಳು. ಕಟ್ಟಿ ಮುಗಿಸದೇ ಇದ್ದದ್ದು ಈಗ ನಮಗೆ ಅನುಕೂಲ, ಪೂರಾ ಬಿಸಿಲು ಒಳಗೆ ಬೀಳುತ್ತದೆ. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಅರ್ಧ ತಾಸು ಕೂತಿದ್ದೆವು, ಶೇಂಗಾ ತಿನ್ನುತ್ತಾ. ಸಿಪ್ಪೆ ಜೇಬಿಗೆ ಹಾಕಿಕೊಂಡೆವು, ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಮತ್ತೆ ನಿಮಗೆ ಪತ್ರ ಬರೆದಾರು.

ಮಲಿಕ್-ಎ-ಮೈದಾನ್ ತೋಪನ್ನೂ ಬೆಳಿಗ್ಗೆಯೇ ನೋಡಬೇಕು, ಮುಟ್ಟಿಯೇ ನೋಡಬೇಕು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ, ಬಾಯಿ ಸಿಂಹದ್ದು. ಕಡು ಬೇಸಿಗೆಯಲ್ಲೂ ತಣ್ಣಗೆ ಇರುತ್ತದೆ ಅಂತ ನಾವು ಹೆಮ್ಮೆಯಿಂದ ತೋರಿಸುವ ಲೋಹ ಅದು. ಜನವರಿಯಲ್ಲಿ ಹೇಗಿರಬೇಡ! ಬೀಗರು ಅಂಗೈ ಇಟ್ಟವರು ಕರೆಂಟ್ ಹೊಡೆದ ಹಾಗೆ ತೆಗೆದರು. ಬೆರಳ ಗಂಟಿನಿಂದ ತಟ್ಟಿದರೆ ಗಂಟೆಯ ಹಾಗೆ ಸಣ್ಣಗೆ ಗುಂಯ್ ಅನ್ನುತ್ತದೆ, ಅದನ್ನು ಮಾತ್ರ ಮತ್ತೆ ಮತ್ತೆ ಮಾಡಿದರು. ಉಪ್ಪಲಿ ಬುರುಜು ಹತ್ತಿರದಲ್ಲೇ ಇದೆ, 1584ರದ್ದು, 80 ಅಡಿ ಎತ್ತರ. ಮೆಟ್ಟಿಲು ಹೊರಗಡೆಯೇ ಸುತ್ತಿಕೊಂಡು ಹೋಗುತ್ತದೆ. ಥಂಡಿ ದಿನ ಸಂಜೆ ಅಲ್ಲಿ ಹತ್ತಬೇಡಿ. ಸೂರ್ಯ ಮುಳುಗುವುದು ಚೆಂದ ಕಾಣುತ್ತದೆ ನಿಜ, ಇಳಿಯುವಾಗ ಮೊಣಕಾಲು ಮಾತು ಕೇಳುವುದಿಲ್ಲ.

ಇಬ್ರಾಹಿಂ ರೋಜಾಕ್ಕೆ ಮೊದಲ ದಿನ ಮಧ್ಯಾಹ್ನವೇ ಹೋಗಿದ್ದೆವು. ಆ ಹೊತ್ತಿಗೆ ಕಲ್ಲು ಹದವಾಗಿ ಕಾದಿರುತ್ತದೆ, ಸಾಕ್ಸು ಒಂದೇ ಸಾಕು. ಎರಡನೇ ಇಬ್ರಾಹಿಂ ಆದಿಲ್‌ಶಾಹ 1627ರಲ್ಲಿ ತೀರಿಕೊಂಡ, ಅಲ್ಲೇ ಹೆಂಡತಿ ತಾಜ್ ಸುಲ್ತಾನಾಳ ಪಕ್ಕ ಮಲಗಿದ್ದಾನೆ. ಗೋಳಗುಮ್ಮಟ ದೊಡ್ಡದು, ಆದರೆ ಚೆಂದ ಇದೇ, ನನ್ನ ಮಟ್ಟಿಗೆ. ಕಲ್ಲಿನಲ್ಲೇ ಅಕ್ಷರ ಕೊರೆದು ಜಾಲಂದ್ರ ಮಾಡಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಬೀಗತಿಯವರು ಅಲ್ಲಿಂದ ಏಳಲು ಒಪ್ಪಲಿಲ್ಲ. ಜಾಲಂದ್ರ ನೋಡಲಿಕ್ಕೋ ಬೆಚ್ಚಗಿದೆ ಅಂತಲೋ ನನಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಒಂದು ಮಾತು, ಮಧ್ಯಾಹ್ನದ ಬಿಸಿಲು ಹಿತ ಅಂತ ನೀರು ಕುಡಿಯುವುದನ್ನು ಮರೆಯಬೇಡಿ. ನಮ್ಮ ಗಾಳಿ ಒಣದು, ತುಟಿ ಒಂದೇ ದಿನಕ್ಕೆ ಒಡೆಯುತ್ತದೆ. ತುಪ್ಪವೋ ಕೊಬ್ಬರಿ ಎಣ್ಣೆಯೋ ಸಣ್ಣ ಡಬ್ಬಿಯಲ್ಲಿ ಇರಲಿ.

ಊಟದಲ್ಲೂ ಥಂಡಿಗೆ ನಮ್ಮಲ್ಲಿ ಬೇರೆಯೇ ಲೆಕ್ಕ. ಜೋಳದ ರೊಟ್ಟಿ ವರ್ಷಪೂರ್ತಿ ಇದ್ದದ್ದೇ, ಥಂಡಿಗೆ ಸಜ್ಜಿ ರೊಟ್ಟಿ. ಸಜ್ಜಿ ಕಾವು ಅಂತ ನಮ್ಮವ್ವ ಅನ್ನುತ್ತಿದ್ದಳು. ಮೇಲೆ ಬಿಳಿ ಎಳ್ಳು ಒತ್ತಿ ಬಡಿದು ಹೆಂಚಿಗೆ ಹಾಕಿದರೆ ಎಳ್ಳು ಚಟಚಟ ಅನ್ನುತ್ತದೆ, ಇಡೀ ಅಡುಗೆಮನೆಗೆ ಆ ವಾಸನೆ. ಬಿಸಿ ಇದ್ದಾಗಲೇ ಬೆಣ್ಣೆ, ಪಕ್ಕದಲ್ಲಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆ ಮೊಸರು. ಕೊನೆಗೆ ಎಳ್ಳು ಹೋಳಿಗೆಗೆ ತುಪ್ಪ. ಬೀಗರು ಮೊದಲ ರೊಟ್ಟಿಗೆ ಅನ್ನ ಇಲ್ಲವಾ ಅಂತ ಕೇಳಿದರು. ಮೂರನೇ ರೊಟ್ಟಿಗೆ ಅನ್ನ ಬಂದರೂ ಬೇಡ ಅಂದರು. ಹೋಟೆಲಿನಲ್ಲಿ ಉಣ್ಣುವವರು ಬಡಿದಿಟ್ಟ ಕಡಕ್ ರೊಟ್ಟಿ ಬೇಡ, ಬಿಸಿ ರೊಟ್ಟಿ ಬೇಕು ಅಂತ ಮೊದಲೇ ಹೇಳಬೇಕು. ಕೇಳಿದರೆ ಮಾಡಿ ಕೊಡುತ್ತಾರೆ.

ಎರಡನೇ ದಿನ ಮಧ್ಯಾಹ್ನದ ಮೇಲೆ ನಮ್ಮ ಮಾವನವರ ಹೊಲಕ್ಕೆ ಕರೆದುಕೊಂಡು ಹೋದೆ, ಸೀತನಿ ತಿನ್ನಿಸಲು. ಹಿಂಗಾರಿ ಜೋಳ ಹಾಲುಗಾಳು ಕಟ್ಟಿರುವ ದಿನ ಇವು. ಕುಳ್ಳಿನ ಬೆಂಕಿಯಲ್ಲಿ ಹಸಿ ತೆನೆ ಸುಟ್ಟು, ಬಿಸಿ ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳು ಬಾಯಿಗೆ. ಬೆಲ್ಲದ ಚೂರು, ಶೇಂಗಾ ಹಿಂಡಿ, ಬೆಂಕಿಯ ಸುತ್ತ ಕುಕ್ಕರುಗಾಲಲ್ಲಿ ಕೂತು. ಮುಖಕ್ಕೆ ಬೆಂಕಿಯ ಕಾವು, ಬೆನ್ನಿಗೆ ಇಳಿಬಿಸಿಲು. ಬೀಗತಿಯವರ ಅಂಗೈ ಸುಟ್ಟು ಕೆಂಪಾಯಿತು, ಆದರೂ ತಿಕ್ಕುವುದು ಬಿಡಲಿಲ್ಲ. ಬೆಚ್ಚಗಿರುವುದು ಅಂದರೆ ಇದು ಮಾರಾಯ್ರೆ, ನಿನ್ನೆ ಯಾಕೆ ಇಲ್ಲಿಗೆ ಕರೆದುಕೊಂಡು ಬರಲಿಲ್ಲ ಅಂತ ಬೀಗರು ನನ್ನನ್ನೇ ಬೈದರು.

ಸಿದ್ಧೇಶ್ವರ ಜಾತ್ರೆಯ ಬಗ್ಗೆ ಬರೆಯಲು ಹೋದರೆ ಇನ್ನೊಂದು ಪತ್ರವಾಗುತ್ತದೆ. ಸಂಕ್ರಮಣದ ಹೊತ್ತಿಗೆ ಬಂದರೆ ಅದು ಸಿಗುತ್ತದೆ, ಗದ್ದಲದಲ್ಲಿ ಥಂಡಿ ಗೊತ್ತಾಗುವುದಿಲ್ಲ, ಬಿಸಿ ಮಿರ್ಚಿ ಭಜ್ಜಿ ಹೆಜ್ಜೆಗೊಂದು ಕಡೆ. ಜಾನುವಾರು ಜಾತ್ರೆಯಲ್ಲಿ ಒಬ್ಬ ರೈತ ಎತ್ತಿನ ಮೈಮೇಲೆ ಕಂಬಳಿ ಹೊದಿಸಿ, ತಾನು ಗೋಣಿತಾಟು ಹೊದ್ದು ಕೂತಿದ್ದ. ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಈಗ ನನ್ನ ಬೇಡಿಕೆಗಳು. ದೊಡ್ಡವೇನಲ್ಲ.

ಚಪ್ಪಲಿ ಬಿಡುವ ಜಾಗದಿಂದ ಸ್ಮಾರಕದ ಬಾಗಿಲವರೆಗೆ ಒಂದು ನಾರಿನ ಚಾಪೆ ಹಾಸಿದರೆ ಆಗದೇ? ಬೇಸಿಗೆಯಲ್ಲೂ ಬೇಕು ಅದು, ಆಗ ಕಾಲು ಸುಡುತ್ತದೆ. ವಯಸ್ಸಾದವರು ಎಷ್ಟೋ ಜನ ಹೊರಗಿನಿಂದಲೇ ನೋಡಿ ಹೋಗುವುದನ್ನು ಕಂಡಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಜಾವ ಇಳಿದವರು ಬೆಳಕು ಹರಿಯುವವರೆಗೆ ಕೂರಲು ಗಾಳಿ ಬಾರದ, ಬಾಗಿಲು ಇರುವ ಒಂದು ಕೋಣೆ ಬೇಕು. ಕಬ್ಬಿಣದ ಕುರ್ಚಿ ಬೇಡ, ದಯವಿಟ್ಟು. ಕಬ್ಬಿಣ ಹೊರಗಿನ ಗಾಳಿಗಿಂತ ಜಾಸ್ತಿ ತಣ್ಣಗಿದೆ ಅನ್ನಿಸುತ್ತದೆ, ಕೂತ ಕಡೆಯಿಂದ ಮೈ ಬಿಸಿ ಎಳೆದುಕೊಳ್ಳುತ್ತದೆ. ಮರದ ಬೆಂಚು ಸಾಕು. ಗೋಳಗುಮ್ಮಟದ ಗೇಟಿನ ಹತ್ತಿರ ಬೆಳಿಗ್ಗೆ ಆರಕ್ಕೇ ಚಹಾದ ಗಾಡಿಗಳು ಇರಲಿ, ಅವುಗಳನ್ನು ಎಬ್ಬಿಸಿ ಓಡಿಸುವ ಬದಲು ಒಂದು ಜಾಗ ತೋರಿಸಿ ಕೊಡಲಿ. ಲಾಡ್ಜಿನವರು ಐದು ಗಂಟೆಗೆ ಬಿಸಿನೀರು ಕೊಡಲಿ, ಆ ಚಾದರಗಳನ್ನು ಮಡಚಿಟ್ಟು ಮಂಚಕ್ಕೊಂದು ಕೌದಿ ಹಾಕಲಿ. ನಮ್ಮ ಹಳ್ಳಿಗಳಲ್ಲಿ ಕೌದಿ ಹೊಲಿಯುವ ಹೆಂಗಸರು ಇನ್ನೂ ಇದ್ದಾರೆ. ಅವರಿಗೂ ನಾಲ್ಕು ಕಾಸು, ಬಂದವರಿಗೂ ಬೆಚ್ಚಗೆ. ಕೆಂಡ ಮಾತ್ರ ರೂಮಿಗೆ ಕೊಡಬಾರದು ಅಂತ ಪ್ರತಿ ಕೌಂಟರಿನಲ್ಲೂ ಬರೆದು ಅಂಟಿಸಲಿ.

ನಿಮ್ಮಲ್ಲೂ ಒಂದು ಬೇಡಿಕೆ. ಮುಂದಿನ ಡಿಸೆಂಬರಿನಲ್ಲಿ ವಿಜಯಪುರದ ಬಗ್ಗೆ ಪುಟ ಮಾಡುವಾಗ ಹವಾಮಾನದ ಪಟ್ಟಿಯ ಆ ಒಂದು ಸಾಲನ್ನು ಅದೇ ಪುಟದ ಮೂಲೆಯಲ್ಲಿ ಹಾಕಿ. ಕೆಳಗೆ ಎರಡು ಜೊತೆ ಸಾಕ್ಸು ತನ್ನಿ ಅಂತ ಬರೆಯಿರಿ. ಗುಮ್ಮಟದ ಫೋಟೋ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ, ಅದನ್ನು ಎಲ್ಲರೂ ನೋಡಿದ್ದಾರೆ.

ಬೀಗರು ಊರು ಮುಟ್ಟಿದ್ದಾರೆ. ನೆಗಡಿ ವಾಸಿಯಾಗಿದೆಯಂತೆ. ಬೀಗತಿಯವರು ಹೋದ ವಾರ ಪಾರ್ಸೆಲ್ಲಿನಲ್ಲಿ ತಮ್ಮ ನಾಲ್ಕು ಹಳೆಯ ಸೀರೆ ಕಳಿಸಿದ್ದಾರೆ, ಕೌದಿ ಹೊಲಿಸಿ ಇಡಬೇಕಂತೆ. ಮಂಗಳೂರಿನಲ್ಲಿ ಅದನ್ನು ಯಾವಾಗ ಹೊದೆಯುತ್ತೀರಿ ಅಂತ ನನ್ನ ಹೆಂಡತಿ ಫೋನಿನಲ್ಲಿ ಕೇಳಿದಳು. ಅಲ್ಲಿ ಅಲ್ಲ, ನಿಮ್ಮ ಮನೆಯಲ್ಲೇ ಇರಲಿ, ಮುಂದಿನ ಸಂಕ್ರಮಣಕ್ಕೆ ಬೇಕಾಗುತ್ತದೆ ಅಂದರು.

ಇಂತಿ ನಿಮ್ಮ ಓದುಗ,
ವಿಜಯಪುರ